ಜೊತೆಗೆ ಹೆಸರು ಕೊಡಿ, ಜೊತೆಗೇ ಈಜಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಕಡಲು ತಣ್ಣಗಾಗುತ್ತಿದ್ದಂತೆ ನಮ್ಮ ಕರಾವಳಿಯಲ್ಲೂ ಪಕ್ಕದ ಗೋವಾದಲ್ಲೂ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಟ್ರಯಥ್ಲಾನ್ ಮಾತು ಶುರುವಾಗುತ್ತದೆ. 2019ರಲ್ಲಿ ಪಣಜಿಯ ಮಿರಾಮಾರ್ ತೀರದಲ್ಲಿ ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನ್ ನಡೆದ ಮೇಲಂತೂ ಕಡಲು ಕಾಣದ ಊರುಗಳ ಈಜುಕೊಳಗಳಲ್ಲೂ ಅದೇ ಮಾತು. ಅಣ್ಣ-ತಮ್ಮ, ಅಕ್ಕ-ತಂಗಿ ಒಟ್ಟಿಗೆ ಹೆಸರು ಕೊಡುವುದು ಒಳ್ಳೆಯದೇ. ಬೆಳಗಿನ ಐದಕ್ಕೆ ಎಬ್ಬಿಸಲು ಮನೆಯಲ್ಲೇ ಒಬ್ಬರಿರುತ್ತಾರೆ. ಆದರೆ ‘ನೀರಲ್ಲಿ ನಾನು ಪಕ್ಕದಲ್ಲೇ ಇರ್ತೀನಿ, ಹೆದರಬೇಡ’ ಎಂಬ ಭರವಸೆಯನ್ನು ನಂಬಿ ಕಡಲಿಗಿಳಿಯುವುದು ಅಪಾಯ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರೂ ನೀರುಪಾಲಾದ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸತಲ್ಲ.

ಹೊಸಬರು ಆರಿಸಿಕೊಳ್ಳುವುದು ಸಾಮಾನ್ಯವಾಗಿ ಸ್ಪ್ರಿಂಟ್ ದೂರ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಓಟದಲ್ಲಿ ಸುಸ್ತಾದರೆ ನಡೆಯಬಹುದು, ಸೈಕಲ್ ಕೈಕೊಟ್ಟರೆ ಇಳಿದು ನಿಲ್ಲಬಹುದು. ನೀರಲ್ಲಿ ಆ ಸೌಲಭ್ಯವಿಲ್ಲ. ಟ್ರಯಥ್ಲಾನ್‌ಗಳಲ್ಲಿ ಆಗುವ ಸಾವುಗಳಲ್ಲಿ ಹೆಚ್ಚಿನವು ಈಜಿನಲ್ಲೇ ಆಗುತ್ತವೆ. ಹೃದಯದ ಲಯದ ಕೆಲವು ದೋಷಗಳು ವಂಶದಲ್ಲಿ ಹರಿದುಬರುತ್ತವೆ, ಅವುಗಳಲ್ಲಿ ಒಂದು ಬಗೆ ಈಜುವಾಗಲೇ ಕೆರಳುವಂಥದ್ದು. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಒಡಹುಟ್ಟಿದವರಿಬ್ಬರೂ ಇಸಿಜಿ, ಎಕೋ ಮಾಡಿಸಿ ವೈದ್ಯರ ಒಪ್ಪಿಗೆ ಪಡೆದ ಮೇಲೆಯೇ ಶುಲ್ಕ ಕಟ್ಟಲಿ.

25 ಮೀಟರ್ ಕೊಳದಲ್ಲಿ 750 ಮೀಟರ್ ಎಂದರೆ 30 ಉದ್ದ. ಅಂದರೆ 29 ಸಲ ಗೋಡೆ ಸಿಗುತ್ತದೆ, ಪ್ರತಿ ಸಲವೂ ಚೂರು ಬಿಡುವು, ಒಂದು ಒದೆತದ ಪುಕ್ಕಟೆ ವೇಗ. ಕಡಲಲ್ಲಿ ಗೋಡೆಯೂ ಇಲ್ಲ, ತಳದ ಕಪ್ಪು ಗೆರೆಯೂ ಇಲ್ಲ. ಹಾಗಾಗಿ ಹೊಸಬರು ಅಂಕುಡೊಂಕಾಗಿ ಹೋಗಿ 750 ಮೀಟರನ್ನು 850 ಮಾಡಿಕೊಳ್ಳುತ್ತಾರೆ. ಕೊಳದಲ್ಲಿ ಗೋಡೆ ಹಿಡಿದು ನಿಲ್ಲದೆ 1,200 ಮೀಟರ್ ಈಜಲು ಬಂದ ಮೇಲೆ ಕಡಲಿನ ಅಭ್ಯಾಸಕ್ಕೆ ಇಳಿಯಿರಿ. ಏಳೆಂಟು ಬಾರಿ ಕೈ ಬೀಸಿದ ಮೇಲೊಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ಬರುವಷ್ಟು ತಲೆ ಎತ್ತಿ ದಿಕ್ಕು ನೋಡಿ, ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ತೆಗೆದುಕೊಳ್ಳಿ. ತಲೆ ಪೂರ್ತಿ ಎತ್ತಿದರೆ ಸೊಂಟ ಮುಳುಗುತ್ತದೆ, ಮೂರೇ ನಿಮಿಷಕ್ಕೆ ಕುತ್ತಿಗೆ ನೋಯುತ್ತದೆ. ದಾರಿ ತೋರಿಸಲು ತೇಲಿಬಿಟ್ಟ ಬೋಯ್ ಅಲೆಯ ಮರೆಯಲ್ಲಿ ಕಾಣಿಸದು. ಅದರ ನೇರಕ್ಕೆ ದಡದಲ್ಲಿರುವ ಎತ್ತರದ ತೆಂಗನ್ನೋ ಕಟ್ಟಡವನ್ನೋ ಮೊದಲೇ ಗುರುತಿಟ್ಟುಕೊಳ್ಳಿ.

ಎದೆ ಬಿಗಿಯುವುದು ಬಹುತೇಕ ಮೊದಲ ನೂರು ಮೀಟರಿನಲ್ಲಿ. ಗುಂಪಿನ ಜೊತೆ ಜೋರಾಗಿ ಹೊರಡುತ್ತಾರೆ, ಮುಖ ನೀರಲ್ಲಿದ್ದಾಗ ಉಸಿರು ಬಿಡುವುದನ್ನೇ ಮರೆಯುತ್ತಾರೆ. ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು, ಗಾಳಿಯೇ ಸಿಗುತ್ತಿಲ್ಲ ಎನಿಸುತ್ತದೆ. ಆಗ ಇನ್ನಷ್ಟು ಗಾಳಿ ಎಳೆಯಲು ಹೋದರೆ ಕೆಲಸ ಕೆಟ್ಟಿತು. ಅಂಗಾತ ಮಲಗಿ, ಕಾಲು ಮೆಲ್ಲಗೆ ಆಡಿಸುತ್ತಾ, ಹತ್ತು ಸಲ ಉದ್ದಕ್ಕೆ ಉಸಿರು ಬಿಡಿ. ಸಾಲದಿದ್ದರೆ ಕೈ ಎತ್ತಿ ಕಾವಲಿನ ಸಣ್ಣ ದೋಣಿ ಕಯಾಕನ್ನು ಕರೆಯಿರಿ. ಕಯಾಕನ್ನೋ ಬೋಯನ್ನೋ ಹಿಡಿದು ದಣಿವಾರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ, ಅದನ್ನು ಹಿಡಿದು ಮುಂದೆ ಸಾಗಬಾರದು ಅಷ್ಟೇ. ಹಿಡಿದರೆ ಅನರ್ಹರಾಗುತ್ತೇವೆಂದು ಹೆದರಿ ಮುಳುಗುವ ಹಂತದವರೆಗೂ ಒದ್ದಾಡುವವರಿದ್ದಾರೆ!

ಇನ್ನು ಪಕ್ಕಪಕ್ಕ ಈಜುವ ವಿಚಾರ. ಅಕ್ಕನಿಗೆ 750 ಮೀಟರಿಗೆ 18 ನಿಮಿಷ, ತಮ್ಮನಿಗೆ 25 ಬೇಕೆನ್ನಿ. ತಮ್ಮ ಹಿಂದೆ ಬೀಳಬಾರದೆಂದು ಶಕ್ತಿ ಮೀರಿ ಎಳೆಯುತ್ತಾನೆ, ಅಕ್ಕ ತಿರುತಿರುಗಿ ನೋಡುತ್ತಾ ತನ್ನ ದಾರಿ ತಪ್ಪುತ್ತಾಳೆ. ಒಂದೇ ತೆರನ ಟೋಪಿಗಳ ನಡುವೆ ತಮ್ಮನ ತಲೆ ಕಾಣದಿದ್ದರೆ ಅವಳಿಗೇ ಗಾಬರಿ. ನಿಧಾನದವರು ಗುಂಪಿನ ಹೊರಬದಿಯಲ್ಲಿ, ಎಲ್ಲರೂ ಹೊರಟ ಹತ್ತು ಹದಿನೈದು ಸೆಕೆಂಡಿನ ಮೇಲೆ ಹೊರಡಲಿ. ಭೇಟಿ ದಡದಲ್ಲಿ. ಒಡಹುಟ್ಟಿದವರು ಕಷ್ಟದಲ್ಲಿರುವುದು ಕಣ್ಣಿಗೆ ಬಿದ್ದರೂ ಹೋಗಿ ಅಪ್ಪಿಕೊಳ್ಳಬೇಡಿ. ಮುಳುಗುವವರು ಕೈಗೆ ಸಿಕ್ಕವರನ್ನು ಅದುಮಿ ಮೇಲೇರಲು ನೋಡುತ್ತಾರೆ, ಅವರಿಗೆ ಅಣ್ಣ-ತಮ್ಮನ ಪರಿವೆ ಇರುವುದಿಲ್ಲ. ಎರಡು ಮೀಟರ್ ದೂರದಲ್ಲೇ ನಿಂತು, ಸೊಂಟಕ್ಕೆ ಕಟ್ಟಿದ ತೇಲುಚೀಲವಿದ್ದರೆ ಬಿಚ್ಚಿ ಅವರತ್ತ ನೂಕಿ, ಕೈ ಎತ್ತಿ ಕೂಗಿ.

ಅಭ್ಯಾಸಕ್ಕೆ ಇಬ್ಬರೇ ಹೋಗುವುದು ಬೇಡ. ಸ್ಥಳೀಯ ಮೀನುಗಾರರ ದೋಣಿಯೋ ಕಯಾಕೋ ಜೊತೆಗಿರಲಿ, ಕಿತ್ತಳೆ ಬಣ್ಣದ ತೇಲುಚೀಲ ಇಬ್ಬರಿಗೂ ಇರಲಿ. ಬಿಸಿಲೇರಿದಂತೆ ಕಡಲ ಗಾಳಿ ಎದ್ದು ನೀರು ಕದಡುವುದರಿಂದ ಬೆಳಿಗ್ಗೆ ಬೇಗ ಮುಗಿಸಿ. ದಡಕ್ಕೆ ಸಮಾನಾಂತರವಾಗಿ ಈಜಿ. ಅಳಿವೆಯ ಹತ್ತಿರವಂತೂ ಸುತರಾಂ ಬೇಡ, ಇಳಿತದ ಹೊತ್ತಿಗೆ ನದಿಯೂ ಕಡಲೂ ಸೇರಿ ಹೊರಕ್ಕೆ ಎಳೆಯುತ್ತವೆ. ಎರಡೂ ಕಡೆ ಅಲೆ ಮುರಿಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕೆಸರುಬಣ್ಣದಲ್ಲಿ ಕಂಡರೆ ಅದು ಸೆಳೆತ. ಶಾಂತವಾಗಿದೆ ಎಂದು ಹೊಸಬರು ಇಳಿಯುವುದು ಅಲ್ಲೇ. ಸಿಕ್ಕಿಬಿದ್ದರೆ ದಡದತ್ತ ಹೋರಾಡದೆ ಅಡ್ಡಕ್ಕೆ ಈಜಿ ಹೊರಬನ್ನಿ.

ವೆಟ್‌ಸೂಟ್‌ಗೆ (ಮೈ ಬೆಚ್ಚಗಿಡುವ ಈಜುಡುಗೆಗೆ) ದುಡ್ಡು ಸುರಿಯಬೇಡಿ. ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವಾದ ವರ್ಲ್ಡ್ ಟ್ರಯಥ್ಲಾನ್ ನಿಯಮದಂತೆ 1,500 ಮೀಟರ್‌ವರೆಗಿನ ಈಜಿನಲ್ಲಿ ನೀರು 22 ಡಿಗ್ರಿ ದಾಟಿದರೆ ಹವ್ಯಾಸಿ ಸ್ಪರ್ಧಿಗಳು ಅದನ್ನು ತೊಡುವಂತಿಲ್ಲ, ನಮ್ಮ ಕಡಲು ಅದಕ್ಕಿಂತ ಎಷ್ಟೋ ಬೆಚ್ಚಗಿರುತ್ತದೆ. ಚರ್ಮ ಉಜ್ಜದಂತೆ ಕುತ್ತಿಗೆಗೆ, ಕಂಕುಳಿಗೆ ವ್ಯಾಸಲೀನ್ ಸಾಕು. ಕನ್ನಡಕದ ಪಟ್ಟಿಯನ್ನು ಟೋಪಿಯ ಒಳಗೆ ಹಾಕಿಕೊಂಡರೆ ಯಾರದೋ ಕೈ ತಗುಲಿ ಕಳಚುವುದಿಲ್ಲ.

ದಡಕ್ಕೆ ಬಂದ ಮೇಲೆ ಕಾಲಿನ ಮರಳು ತೊಳೆಯಲು ಒಂದು ಬಾಟಲಿ ನೀರು ಸೈಕಲ್ ಬಳಿ ಇಟ್ಟಿರಿ, ಮರಳಿನ ಮೇಲೆ ಸಾಕ್ಸ್ ಏರಿಸಿದರೆ ಓಟದಲ್ಲಿ ಬೊಬ್ಬೆ ಖಂಡಿತ. ಹೆಲ್ಮೆಟ್ಟಿನ ಬಕಲ್ ಹಾಕಿದ ಮೇಲೆಯೇ ಸೈಕಲ್ ಮುಟ್ಟಬೇಕು. ಡ್ರಾಫ್ಟಿಂಗ್‌ಗೆ (ಮುಂದಿನವರ ಬೆನ್ನಿಗೇ ಅಂಟಿ ಗಾಳಿಯ ತಡೆ ತಪ್ಪಿಸಿಕೊಳ್ಳುವುದಕ್ಕೆ) ಅವಕಾಶವಿಲ್ಲದ ಸ್ಪ್ರಿಂಟ್ ಸ್ಪರ್ಧೆಯಲ್ಲಿ ಮುಂದಿನವರಿಗೂ ನಿಮಗೂ 10 ಮೀಟರ್ ಅಂತರ ಬೇಕು, ದಾಟುವುದಾದರೆ 20 ಸೆಕೆಂಡಿನಲ್ಲಿ ದಾಟಬೇಕು. ಮಾತಾಡುತ್ತಾ ಜೋಡಿಯಾಗಿ ತುಳಿದರೆ ದಂಡ ಇಬ್ಬರಿಗೂ. ಪಂಕ್ಚರ್ ಆದ ತಂಗಿಗೆ ಟ್ಯೂಬ್, ಪಂಪ್, ನೀರು ಕೊಡಬಹುದು. ನಿಮ್ಮ ಚಕ್ರವನ್ನೇ ಬಿಚ್ಚಿಕೊಟ್ಟು ನೀವು ನಿಲ್ಲುವಂತಿಲ್ಲ. ಅಣ್ಣ ಐದು ಕಿ.ಮೀ. ಮುಂದಿದ್ದರೆ ಅವನ ಪಂಪ್ ಇದ್ದೂ ಇಲ್ಲದಂತೆ, ಹಾಗಾಗಿ ಇಬ್ಬರ ಬಳಿಯೂ ಒಂದೊಂದು ಸೆಟ್ ಇರಲಿ.

2016ರಲ್ಲಿ ಮೆಕ್ಸಿಕೊದ ಕೊಜುಮೆಲ್‌ನಲ್ಲಿ ನಡೆದ ಟ್ರಯಥ್ಲಾನಿನಲ್ಲಿ ಬಿಸಿಲಿಗೆ ತತ್ತರಿಸಿದ ತಮ್ಮ ಜಾನಿಯನ್ನು ಅಣ್ಣ, ಬ್ರಿಟನ್ನಿನ ಸ್ಪರ್ಧಿ ಅಲಿಸ್ಟೇರ್ ಬ್ರೌನ್‌ಲೀ ಹೆಗಲು ಕೊಟ್ಟು ಗೆರೆ ದಾಟಿಸಿದ ವಿಡಿಯೊ ನೋಡಿಯೇ ಹೆಸರು ಕೊಟ್ಟವರಿರಬಹುದು. ಆಮೇಲೆ ನಿಯಮವೇ ಬಿಗಿಯಾಯಿತು, ಈಗ ಹಾಗೆ ಎಳೆದೊಯ್ದರೆ ಇಬ್ಬರೂ ಅನರ್ಹರು.

ಸಂಘಟಕರಲ್ಲಿ ಒಂದು ಕೋರಿಕೆ: ಹೊಸಬರಿಂದ ಕೊಳದ ಟೈಮಿಂಗ್ ಕೇಳುವ ಬದಲು, ಹಿಂದಿನ ದಿನ ಅದೇ ಕಡಲಲ್ಲಿ ಜೀವರಕ್ಷಕರೆದುರು 300 ಮೀಟರ್ ಈಜಿಸಿ ನೋಡಿ. ಅದರಲ್ಲಿ ಒಬ್ಬರು ಪಾಸಾಗಿ ಇನ್ನೊಬ್ಬರು ಆಗದಿದ್ದರೆ ಅಂಥ ಅಣ್ಣ-ತಂಗಿಯರಿಗೆ ಸ್ಥಳದಲ್ಲೇ ರಿಲೇಗೆ ಬದಲಾಯಿಸಿಕೊಳ್ಳಲು ಬಿಡಿ. ಈಜಿದವರು ಸಮಯ ಅಳೆಯುವ ಕಾಲಿನ ಚಿಪ್ ಬಿಚ್ಚಿ ಕೊಟ್ಟರೆ ಇನ್ನೊಬ್ಬರು ಸೈಕಲ್ ಏರುತ್ತಾರೆ. ಕಟ್ಟಿದ ಶುಲ್ಕವೂ ಹಾಳಾಗುವುದಿಲ್ಲ.

– ಈಜು ತರಬೇತುದಾರರು, ಮಂಗಳೂರು