ಡೊನೋಸ್ತಿಯಾಕ್ಕೆ ಹೊರಟ ಮಗಳಿಗೆ

ಪುಟ್ಟಿ,

ಫೋನಿನಲ್ಲಿ ಆದದ್ದು ಆಯಿತು. ನಾನು ದನಿ ಏರಿಸಬಾರದಿತ್ತು, ನೀನು ಅರ್ಧಕ್ಕೇ ಇಡಬಾರದಿತ್ತು. ಲೆಕ್ಕ ಚುಕ್ತಾ ಅಂದುಕೊಳ್ಳೋಣ. ಮರವಂತೆಯ ಆ ಮಧ್ಯಾಹ್ನದ ಸುದ್ದಿಯನ್ನೂ ಎತ್ತುವುದಿಲ್ಲ, ಅದು ನಿನಗೂ ಗೊತ್ತು, ನನಗೂ ಗೊತ್ತು. ಸೆಪ್ಟೆಂಬರ್ 11ಕ್ಕೆ ಬೋರ್ಡೋದಿಂದ ಹೊರಡುತ್ತೀಯ, ಟಿಕೆಟ್ ಆಗಿದೆ, ದುಡ್ಡು ನಿನ್ನ ಸಂಪಾದನೆಯದ್ದು. ಬೇಡ ಅನ್ನಲು ನಾನು ಯಾರು? ಆದರೆ ಸ್ಪೇನಿನ ಬಾಸ್ಕ್ ನಾಡಿನ ಆ ಡೊನೋಸ್ತಿಯಾದಿಂದ (ಸಾನ್ ಸೆಬಾಸ್ತಿಯಾನ್ ಅಂದರೂ ಅದೇ) ಪಸಾಯಿಯಾ ಬಂದರಿಗೆ ಐದಾರು ಕಿಲೋಮೀಟರ್ ಅಷ್ಟೆ. ಆ ಬಂದರಿಗೆ ಹೋಗಿಬಂದ ಹಡಗಿನವನಿಗೆ ಅಲ್ಲಿನ ಕಡಲಿನ ಬುದ್ಧಿ ಗೊತ್ತಿರುತ್ತದೆ. ಬಾಯಲ್ಲಿ ಹೇಳಿದರೆ ಮತ್ತೆ ಜಗಳ, ಅದಕ್ಕೇ ಬರೆಯುತ್ತಿದ್ದೇನೆ.

ದಾರಿಯ ಮಾತು ಬೇಗ ಮುಗಿಸುತ್ತೇನೆ. ಹೆಂಡೈವರೆಗೆ ಫ್ರಾನ್ಸಿನ ರೈಲು. ಅಲ್ಲಿಳಿದರೆ ಪಕ್ಕದಲ್ಲೇ ಎಉಸ್ಕೊತ್ರೆನ್‌ನ ಪುಟ್ಟ ಸ್ಟೇಷನ್ ಇದೆ, ಆ ರೈಲನ್ನು ಊರವರು ‘ತೋಪೊ’ ಅನ್ನುತ್ತಾರೆ. ಮುಕ್ಕಾಲು ಗಂಟೆಯೊಳಗೆ ಅಮಾರಾ ಸ್ಟೇಷನ್, ಅಲ್ಲಿಂದ ಕಡಲ ದಂಡೆಗೆ ನಡೆದೇ ಹೋಗಬಹುದು. ಇಳಿದ ಮೇಲೆ ಗೇಟು ದಾಟಲೂ ಟಿಕೆಟ್ ಬೇಕು, ಎಸೆಯಬೇಡ. ಗಡಿಯಲ್ಲಿ, ಅದರಲ್ಲೂ ವಾಪಸ್ ಬರುವಾಗ, ಫ್ರೆಂಚ್ ಪೊಲೀಸರು ರೈಲು ಹತ್ತಿ ಕೇಳುವುದುಂಟು. ಪಾಸ್‌ಪೋರ್ಟ್, ಫ್ರಾನ್ಸಿನ ರೆಸಿಡೆನ್ಸ್ ಕಾರ್ಡ್ ಎರಡೂ ಕೈಚೀಲದಲ್ಲಿರಲಿ. ಮೊಬೈಲಿನಲ್ಲಿರುವ ಫೋಟೋ ನಡೆಯುವುದಿಲ್ಲ. ಕೊಡೆ ಬೇಡ, ಟೋಪಿಯಿರುವ ಮಳೆಕೋಟು ತಗೋ. ಅಲ್ಲಿಯ ಜಿನುಗು ಮಳೆ ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ, ಕೊಡೆ ತಿರುಗಿಕೊಳ್ಳುತ್ತದೆ.

ಇನ್ನು ಕಡಲು.

ಊರಿಗೆ ಮೂರು ದೊಡ್ಡ ದಂಡೆ. ನಡುವೆ ಲಾ ಕೊಂಚಾ, ಅದರ ಪಶ್ಚಿಮಕ್ಕೆ ಒಂದಾರ್ರೆತಾ. ಇವೆರಡೂ ಕೊಲ್ಲಿಯೊಳಗಿವೆ, ಬಾಯಿಗೆ ಸಾಂತಾ ಕ್ಲಾರಾ ದ್ವೀಪ ಅಡ್ಡ ನಿಂತಿರುವುದರಿಂದ ತೆರೆ ಸಣ್ಣದು. ಮೂರನೆಯದು ಉರುಮೆಯಾ ಹೊಳೆಯಾಚೆ ಗ್ರೋಸ್ ಬಡಾವಣೆಯ ಸುರ್ರಿಯೋಲಾ. ಅದು ತೆರೆದ ಕಡಲು, ಸರ್ಫಿಂಗ್‌ನವರ ಜಾಗ. ಈಜುವುದಿದ್ದರೆ ಒಂದಾರ್ರೆತಾದಲ್ಲಿ ಈಜು. ಸುರ್ರಿಯೋಲಾದಲ್ಲಿ ಈಜುವವರಿಗೆಂದು ಬಾವುಟ ನೆಟ್ಟ ಜಾಗ ಬೇರೆ, ಹಲಗೆಯವರದ್ದು ಬೇರೆ. ಗಡಿ ದಾಟಿದರೆ ಜೀವರಕ್ಷಕರು ಸೀಟಿ ಊದುತ್ತಾರೆ. ಹಸಿರು ಬಾವುಟ ಇದ್ದರೆ ಇಳಿ, ಹಳದಿ ಇದ್ದರೆ ಸೊಂಟದ ಮೇಲೆ ನೀರು ಬೇಡ, ಕೆಂಪಿದ್ದರೆ ಕಾಲೂ ತೋಯಿಸಬೇಡ. ತೆರೆಗಳ ನಡುವೆ ಒಂದು ಕಡೆ ಮಾತ್ರ ನೊರೆಯಿಲ್ಲದೆ, ಬಣ್ಣ ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಂಡರೆ ಅದು ಇಳಿಯಲು ಒಳ್ಳೆಯ ಜಾಗವಲ್ಲ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ಓಣಿ ಅದು. ಸಿಕ್ಕಿಬಿದ್ದರೆ ದಡದ ಕಡೆ ಮುಖಮಾಡಿ ಈಜಬೇಡ, ಗೆಲ್ಲುವುದಿಲ್ಲ. ಅಂಗಾತ ತೇಲು, ಕೈ ಎತ್ತು, ಸೆಳೆತ ಸಡಿಲವಾದಾಗ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಆಮೇಲೆ ಬಾ.

ಭರತ-ಇಳಿತದ ವಿಷಯ ನಿನಗೆ ಗೊತ್ತಿದೆ ಅಂತ ನೀನು ಅಂದುಕೊಂಡಿದ್ದೀಯ. ನಮ್ಮ ಕರಾವಳಿಯಲ್ಲಿ ದೊಡ್ಡ ಭರತಕ್ಕೂ ನೀರು ಏರುವುದು ಎರಡು ಮೀಟರ್ ಆಸುಪಾಸು. ಅಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ನಾಲ್ಕು ಮೀಟರ್ ದಾಟುತ್ತದೆ. ಸೆಪ್ಟೆಂಬರಿನಲ್ಲಿ ಹಗಲು-ರಾತ್ರಿ ಸಮವಾಗುವ ಹೊತ್ತು ಹತ್ತಿರ ಬರುವುದರಿಂದ ಇನ್ನೂ ಜೋರು. ನೀನು ಹೊರಡುವ ದಿನ ಬೆಳಿಗ್ಗೆಗೆ ಅಮಾವಾಸ್ಯೆ ಮುಗಿಯುತ್ತದೆ. ದೊಡ್ಡ ಭರತ ಬರುವುದು ಅವತ್ತೇ ಅಲ್ಲ, ಒಂದೆರಡು ದಿನ ಕಳೆದು, ಬಿದಿಗೆ-ತದಿಗೆಯ ಹೊತ್ತಿಗೆ. ಅಂದರೆ ಸರಿಯಾಗಿ ನೀವು ಅಲ್ಲಿರುವ ಶನಿವಾರ, ಭಾನುವಾರ. ಆ ದಿನಗಳಲ್ಲಿ ಇಳಿತ ಹನ್ನೊಂದರಿಂದ ಹನ್ನೆರಡೂವರೆಯೊಳಗೆ, ಭರತ ಸಂಜೆ ಐದರಿಂದ ಆರೂವರೆಯೊಳಗೆ ಬೀಳುತ್ತದೆ. ನಿಮಿಷದ ಲೆಕ್ಕಕ್ಕೆ ಆ ದಿನದ ಪಟ್ಟಿ ನೋಡಿಕೊ.

ಇದರಿಂದ ಆಗುವ ತೊಂದರೆ ಏನು ಕೇಳು. ಮಿರಾಮಾರ್ ಅರಮನೆಯ ಕೆಳಗೆ ‘ಪಿಕೊ ದೆಲ್ ಲೊರೊ’ ಅನ್ನುವ ಬಂಡೆ ಲಾ ಕೊಂಚಾವನ್ನೂ ಒಂದಾರ್ರೆತಾವನ್ನೂ ಬೇರೆ ಮಾಡುತ್ತದೆ. ಮಧ್ಯಾಹ್ನ ಅದರ ಮುಂದಿನ ಹಸಿ ಮರಳಿನ ಮೇಲೆ ಆರಾಮಾಗಿ ದಾಟಿ ಹೋಗಬಹುದು. ಸಂಜೆ ಅದೇ ದಾರಿಯಲ್ಲಿ ವಾಪಸ್ ಹೊರಟರೆ ಬಂಡೆಗೆ ತೆರೆ ಹೊಡೆಯುತ್ತಿರುತ್ತದೆ. ಆಗ ಮೇಲಿನ ರಸ್ತೆ ಹಿಡಿ, ‘ಮೊಣಕಾಲಷ್ಟೇ ನೀರು’ ಅಂತ ಲೆಕ್ಕ ಹಾಕಬೇಡ. ಲಾ ಕೊಂಚಾದಲ್ಲೇ ಮರಳು ಗೋಡೆಯವರೆಗೆ ಕರಗಿಹೋಗುತ್ತದೆ. ಟವೆಲ್, ಚಪ್ಪಲಿ, ಚೀಲ ಗೋಡೆಯ ಬುಡದಲ್ಲಿಟ್ಟು ನೀರಿಗಿಳಿದವರು ತಿರುಗಿ ನೋಡಿದಾಗ ಅವು ತೇಲುತ್ತಿರುತ್ತವೆ. ದ್ವೀಪದ ಪುಟ್ಟ ದಂಡೆಯಂತೂ ಪೂರ್ತಿ ಮುಳುಗುತ್ತದೆ. ದ್ವೀಪಕ್ಕೆ ಬಂದರಿನಿಂದ ದೋಣಿಯಲ್ಲಿ ಹೋಗು, ಕಡೆಯ ದೋಣಿ ಎಷ್ಟಕ್ಕೆ ಅಂತ ಹತ್ತುವ ಮೊದಲೇ ಕೇಳು. ಒಂದಾರ್ರೆತಾದಿಂದ ಅಲ್ಲಿಗೆ ಅರ್ಧ ಕಿಲೋಮೀಟರ್, ಜನ ಈಜಿಯೂ ಹೋಗುತ್ತಾರೆ. ನಿನಗೆ ತಾಕತ್ತಿದೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೂ ದೋಣಿಯಲ್ಲೇ ಹೋಗು.

ಇಷ್ಟು ಓದುವಷ್ಟರಲ್ಲಿ ನಿನಗೆ ಸಿಟ್ಟು ಬಂದಿರುತ್ತದೆ. ಊಟದ ವಿಷಯಕ್ಕೆ ಬರುತ್ತೇನೆ.

ಹಳೇ ಊರಿನ ಓಣಿಗಳಲ್ಲಿ ಬಾರಿನ ಕಟ್ಟೆಯ ಮೇಲೆ ಪಿಂಚೋ ಅನ್ನುವ ಪುಟ್ಟ ತಿಂಡಿಗಳನ್ನು ಜೋಡಿಸಿಟ್ಟಿರುತ್ತಾರೆ. ಹೊಸಬರು ಮಾಡುವ ತಪ್ಪು ಒಂದೇ: ದೊಡ್ಡ ತಟ್ಟೆ ಇಸಿದುಕೊಂಡು ಆರೇಳು ತುಂಬಿಸಿ ಒಂದೇ ಕಡೆ ಕೂತುಬಿಡುವುದು. ಕಟ್ಟೆಯ ಮೇಲಿರುವುದು ತಣ್ಣಗಿನ ತಿಂಡಿ. ಒಳ್ಳೆಯದು ಗೋಡೆಯ ಕಪ್ಪು ಹಲಗೆಯಲ್ಲಿ ಬರೆದಿರುತ್ತದೆ, ಹೇಳಿದ ಮೇಲೆ ಒಳಗಿನಿಂದ ಬಿಸಿಯಾಗಿ ಬರುತ್ತದೆ. ಒಂದು ಬಾರಿನಲ್ಲಿ ಒಂದೋ ಎರಡೋ, ನಿಂತೇ ತಿಂದು, ಕೊನೆಗೆ ದುಡ್ಡು ಕೊಟ್ಟು, ಮುಂದಿನ ಬಾರಿಗೆ. ಮಧ್ಯಾಹ್ನ ಮೂರೂವರೆ ದಾಟಿದರೆ ಹೆಚ್ಚಿನ ಅಡುಗೆಮನೆಗಳ ಒಲೆ ಆರುತ್ತದೆ, ಮತ್ತೆ ಹಚ್ಚುವುದು ಸಂಜೆ ಏಳರ ಮೇಲೆ. ‘ಹಿಲ್ದಾ’ದಿಂದ ಶುರುಮಾಡು: ಕಡ್ಡಿಗೆ ಚುಚ್ಚಿದ ಆಲಿವ್, ಉಪ್ಪಿನಲ್ಲಿಟ್ಟ ಆಂಚೊವಿ ಮೀನು, ಇಬಾರ್ರಾದ ಉಪ್ಪಿನಕಾಯಿ ಮೆಣಸು. ಮೂರನ್ನೂ ಒಂದೇ ಬಾಯಿಗೆ ಹಾಕಿಕೊಳ್ಳಬೇಕು. ಬೊಂಡಾಸ್ (ಸ್ಕ್ವಿಡ್) ಎಲ್ಲಿ ಕಂಡರೂ ತಿನ್ನು. ‘ಚುಲೆತಾ’ ದನದ್ದು, ‘ಕರ್ರಿಯೆರಾ’ವೂ ಹೆಚ್ಚಾಗಿ ದನದ್ದೇ, ತಿನ್ನುವುದು ಬಿಡುವುದು ನಿನಗೆ ಬಿಟ್ಟದ್ದು. ಅಮ್ಮನಿಗೆ ನಾನಾಗಿ ಹೇಳುವುದಿಲ್ಲ.

ನಿನ್ನ ಗೆಳತಿಯ ಸಸ್ಯಾಹಾರದ್ದೇ ಫಜೀತಿ. ‘ಮಾಂಸ ಬೇಡ’ ಅಂದರೆ ಅವರ ಲೆಕ್ಕದಲ್ಲಿ ಹಂದಿಯ ಹಮೋನ್ ಚೂರು ಮಾಂಸವಲ್ಲ, ಟ್ಯೂನಾವೂ ಮಾಂಸವಲ್ಲ. ಅದಕ್ಕೆ ‘ಸೊಯ್ ವೆಹೆತರಿಯಾನಾ’ ಅಂದು ನಿಲ್ಲಿಸದೆ ‘ನಿ ಹಮೋನ್, ನಿ ಅತೂನ್, ನಿ ಅಂಚೋಆಸ್’ ಅಂತ ಒಂದೊಂದನ್ನೂ ಹೆಸರಿಸಿ ಬೇಡ ಅನ್ನಲಿ. ಹುರಿದ ಗೆರ್ನಿಕಾ ಮೆಣಸಿನಕಾಯಿ ನಂಬಬಹುದು, ಖಾರವಿಲ್ಲ, ಕಲ್ಲುಪ್ಪು ಉದುರಿಸಿ ಕೊಡುತ್ತಾರೆ. ಕೆಂಪು ‘ಪಿಕಿಯೊ’ ಮೆಣಸಿನ ಹೊಟ್ಟೆಯಲ್ಲಿ ಮೀನು ತುಂಬಿರುವುದೇ ಹೆಚ್ಚು, ಕೇಳದೆ ಕಚ್ಚಬಾರದು. ತೊಲೋಸಾದ ಕಪ್ಪು ಹುರುಳಿಕಾಯಿ ಬೀಜದ ಸಾರು ನೋಡಲು ನಮ್ಮದೇ ಅನ್ನಿಸುತ್ತದೆ, ಒಳಗೆ ರಕ್ತದ ಸಾಸೇಜ್ ಇರುತ್ತದೆ. ಅಣಬೆಯ ಮೇಲೆ ಹಸಿ ಮೊಟ್ಟೆಯ ಹಳದಿ ಕೂರಿಸಿ ತರುತ್ತಾರೆ. ಇದಿಯಸಾಬಾಲ್ ಕುರಿಹಾಲಿನ ಚೀಸ್, ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸಿದ್ದು. ಅವಳು ಅಷ್ಟು ಕಟ್ಟುನಿಟ್ಟಾದರೆ ಮೊದಲೇ ಹೇಳಿಬಿಡು. 31 ಆಗಸ್ಟ್ ಬೀದಿಯ ಲಾ ವಿನ್ಯಾದ ಚೀಸ್ ಕೇಕ್ ಇಬ್ಬರೂ ತಿನ್ನಿ. ಮೇಲೆ ಕರಿಕು, ನಡುವೆ ಇನ್ನೂ ಅಲುಗಾಡುವ ಹದ, ತಳದಲ್ಲಿ ಬಿಸ್ಕತ್ತಿನ ಪದರವಿಲ್ಲ. ಪ್ರಪಂಚವೆಲ್ಲ ‘ಬಾಸ್ಕ್ ಚೀಸ್ ಕೇಕ್’ ಅಂತ ಮಾರುತ್ತಿರುವುದು 1990ರ ಸುಮಾರಿಗೆ ಅಲ್ಲಿ ಶುರುವಾದದ್ದನ್ನೇ.

ಆ ಬೀದಿಯ ಹೆಸರು ಸುಮ್ಮನೆ ಬಂದದ್ದಲ್ಲ. 1813ರ ಆಗಸ್ಟ್ 31ರಂದು ನೆಪೋಲಿಯನ್ನನ ಸೈನ್ಯದಿಂದ ಊರನ್ನು ಬಿಡಿಸಲು ಬಂದ ಇಂಗ್ಲಿಷ್, ಪೋರ್ಚುಗೀಸ್ ಸಿಪಾಯಿಗಳೇ ಅದನ್ನು ಲೂಟಿ ಮಾಡಿ ಸುಟ್ಟರು. ಉಳಿದ ಕೆಲವೇ ಮನೆಗಳಲ್ಲಿ ಹೆಚ್ಚಿನವು ಆ ಸಾಲಿನವು. ಪ್ಲಾಸಾ ದೆ ಲಾ ಕೊನ್ಸ್ತಿತುಸಿಯೋನ್‌ನಲ್ಲಿ ಬಾಲ್ಕನಿಗಳಿಗೆ ನಂಬರ್ ಬರೆದಿರುವುದು ನೋಡು, ಹಿಂದೆ ಅಲ್ಲಿ ಗೂಳಿಕಾಳಗ ನಡೆಯುವಾಗ ಅವು ಸೀಟುಗಳು. ಸಾನ್ ತೆಲ್ಮೊ ಮ್ಯೂಸಿಯಂ ಮಳೆಯ ದಿನಕ್ಕೆ ಇಟ್ಟುಕೊ. ಎಲ್ಲೇ ಆಗಲಿ, ಒಳಗೆ ಹೋಗುತ್ತಲೇ ಬಾಸ್ಕ್ ಮಾತಿನಲ್ಲಿ ‘ಕೈಶೊ’ (ನಮಸ್ಕಾರ), ಹೊರಡುವಾಗ ‘ಎಸ್ಕೆರ್ರಿಕ್ ಆಸ್ಕೊ’ (ಧನ್ಯವಾದ) ಅನ್ನು. ಅವರ ಎದುರು ಎಲ್ಲವನ್ನೂ ಸ್ಪೇನ್, ಸ್ಪೇನ್ ಅನ್ನಬೇಡ, ಸರ್ವಾಧಿಕಾರಿ ಫ್ರಾಂಕೋನ ಕಾಲದಲ್ಲಿ ಸ್ವಂತ ಮಾತಿಗೆ ಏಟು ತಿಂದ ಜನ. 13ರ ಭಾನುವಾರ ಲಾ ಕೊಂಚಾದ ದೋಣಿ ಸ್ಪರ್ಧೆಯ ಎರಡನೇ ಸುತ್ತು. ಹದಿಮೂರು ಹುಟ್ಟು, ಹಿಂದೆ ಒಬ್ಬ ಚುಕ್ಕಾಣಿ, ಕೊಲ್ಲಿಯಿಂದ ಹೊರಗೆ ಹೋಗಿ ತಿರುಗಿ ಬರುವ ಮೂರು ನಾಟಿಕಲ್ ಮೈಲಿ. 1879ರಿಂದ ನಡೆಯುತ್ತಿದೆ, ಹೆಂಗಸರ ತಂಡಗಳೂ ಇವೆ. ಉರ್ಗುಲ್ ಗುಡ್ಡಕ್ಕೆ ಬೇಗ ಹೋಗಿ ಜಾಗ ಹಿಡಿ. ಹೊರಗಿನ ತಿರುವಿನಲ್ಲಿ ಯಾರು ತೆರೆಯ ಬೆನ್ನು ಹಿಡಿದು ಒಳಗೆ ಬರುತ್ತಾರೆ ಅನ್ನುವುದರಲ್ಲೇ ಸೋಲು ಗೆಲುವು. ಅದು ನೋಡಿದರೆ ಗೊತ್ತಾಗುವ ಹುಡುಗಿ ನೀನು, ಆ ಹೆಮ್ಮೆ ನನಗಿದೆ.

ಕಡಲಿನ ಮಾತು ಮುಗಿದಿಲ್ಲ, ಕ್ಷಮಿಸು. ಮುಖ್ಯವಾದದ್ದೇ ಉಳಿದಿದೆ.

ತೆರೆ ದೊಡ್ಡದಿದ್ದ ದಿನ ನೀನು ಇಳಿಯುವುದಿಲ್ಲ, ನನಗೆ ಗೊತ್ತು. ನನ್ನ ಹೆದರಿಕೆ ತೆರೆ ಇಲ್ಲದ ದಿನದ್ದು. ಕೆಲವು ದಿನ ದಕ್ಷಿಣದಿಂದ, ನೆಲದ ಕಡೆಯಿಂದ, ಬಿಸಿ ಗಾಳಿ ಬೀಸುತ್ತದೆ. ಆಕಾಶ ನಿರ್ಮಲ, ಸೆಕೆ ಮೂವತ್ತು ಡಿಗ್ರಿ, ಗಾಳಿ ತೆರೆಯನ್ನೆಲ್ಲ ಒತ್ತಿ ಮಲಗಿಸಿರುತ್ತದೆ, ಕಡಲು ಎಣ್ಣೆ ಸುರಿದ ಹಾಗೆ. ಎಲ್ಲರೂ ಪ್ಯಾಡಲ್ ಹಲಗೆ ಬಾಡಿಗೆಗೆ ತಗೊಳ್ಳುವ ದಿನ ಅದು. ಅದೇ ಗಾಳಿ ಹಲಗೆಯನ್ನು ಮೆಲ್ಲಗೆ ಹೊರಗೆ ತಳ್ಳುತ್ತಿರುವುದು ಗೊತ್ತಾಗುವುದಿಲ್ಲ. ಮಧ್ಯಾಹ್ನ ಕಳೆದು ಒಮ್ಮೆಲೇ ಗಾಳಿ ನಿಲ್ಲುತ್ತದೆ. ಪಶ್ಚಿಮದಲ್ಲಿ, ಇಗೆಲ್ದೊ ಗುಡ್ಡದ ಆಚೆ, ನೀರಿಗೆ ಅಂಟಿದ ಹಾಗೆ ಬೂದು ಮೋಡದ ಗೆರೆ ಕಾಣುತ್ತದೆ. ಆಮೇಲೆ ಕಾಲು ಗಂಟೆಯೂ ಇಲ್ಲ: ವಾಯವ್ಯದಿಂದ ಗಾಳಿ ನುಗ್ಗುತ್ತದೆ, ಉಷ್ಣಾಂಶ ಹತ್ತು ಡಿಗ್ರಿಯಷ್ಟು ಕುಸಿಯುತ್ತದೆ, ಕಡಲು ಕುದಿಯುತ್ತದೆ. ಇದಕ್ಕೆ ‘ಗಲೆರ್ನಾ’ ಅನ್ನುತ್ತಾರೆ. 1912ರ ಆಗಸ್ಟಿನಲ್ಲಿ ಇಂಥದ್ದೊಂದು ಬೆರ್ಮೆಯೊ ಕಡೆಯ ನೂರಕ್ಕೂ ಹೆಚ್ಚು ಮೀನುಗಾರರನ್ನು ನುಂಗಿತು. ಹುಟ್ಟಿನಿಂದ ಕಡಲಿನಲ್ಲೇ ಇದ್ದವರು, ಪುಟ್ಟಿ, ವಾರದ ಪ್ರವಾಸಕ್ಕೆ ಹೋದವರಲ್ಲ. ಬೆಳಿಗ್ಗೆ ಎಉಸ್ಕಲ್ಮೆತ್ ಹವಾಮಾನದ ಪುಟ ನೋಡು. ಮಧ್ಯಾಹ್ನದ ಸೆಕೆಯಲ್ಲಿ ಗಾಳಿ ದಿಢೀರನೆ ಸತ್ತರೆ, ಬಾವುಟ ಹಸಿರಿದ್ದರೂ ಸರಿ, ನೀರಿನಿಂದ ಎದ್ದು ಬಾ. ಹಾಗೆಯೇ ಉರ್ಗುಲ್ ಸುತ್ತುವ ಪಸೆಯೊ ನುಎವೊ ರಸ್ತೆಗೆ ಬ್ಯಾರಿಕೇಡ್ ಹಾಕಿದ್ದರೆ ಫೋಟೋಗೆಂದು ನುಸುಳಬೇಡ. ಅಲ್ಲಿ ತೆರೆ ಗೋಡೆ ಹತ್ತಿ ರಸ್ತೆಗೆ ಬೀಳುತ್ತದೆ, ವಾಪಸ್ ಹೋಗುವಾಗ ಮನುಷ್ಯರನ್ನೂ ಎಳೆಯುತ್ತದೆ. ತೆರೆ ನೋಡುವ ಆಸೆಯಿದ್ದರೆ ಮಾಮೂಲಿ ದಿನ, ಭರತದ ಹೊತ್ತಿಗೆ, ಒಂದಾರ್ರೆತಾದ ತುದಿಯಲ್ಲಿ ಚಿಯಿದಾ ಎಂಬ ಶಿಲ್ಪಿ ಬಂಡೆಗೆ ನೆಟ್ಟ ಮೂರು ಉಕ್ಕಿನ ‘ಗಾಳಿಯ ಬಾಚಣಿಗೆ’ ಇದೆಯಲ್ಲ, ಅಲ್ಲಿಗೆ ಹೋಗು. ನೆಲದ ತೂತುಗಳಿಂದ ಗಾಳಿ ಬುಸ್ಸೆಂದು ಮೇಲೆ ಬರುತ್ತದೆ, ಸ್ಕರ್ಟ್ ಹಾಕಿಕೊಂಡು ಹೋಗಬೇಡಿ.

ಚಕೋಲಿ ವೈನ್ ಕುಡಿಯಬೇಡ ಅನ್ನುವುದಿಲ್ಲ, ಕುಡಿದು ನೀರಿಗಿಳಿಯಬೇಡ ಅನ್ನುತ್ತೇನೆ. ಏನಾದರೂ ಆದರೆ 112. ದಿನಾ ಫೋನ್ ಮಾಡು ಅಂತ ಕೇಳುವುದಿಲ್ಲ, ಬೆಳಿಗ್ಗೆ ಆ ದಿನದ ಭರತದ ಹೊತ್ತು ಎಷ್ಟು ಅಂತ ವಾಟ್ಸಾಪಿನಲ್ಲಿ ಒಂದು ಸಾಲು ಹಾಕು, ಸಾಕು.

ನಿನ್ನ
ಅಪ್ಪ

ತಾ.ಕ.: ಚೌತಿಯ ದಿನ ನೀನು ಅಲ್ಲಿರುವುದು ಅಮ್ಮನಿಗೆ ಸರಿ ಕಂಡಿಲ್ಲ. ಆ ಕೇಕಿನಲ್ಲಿ ಮೊಟ್ಟೆ ಇದೆಯಾ ಅಂತ ಕೇಳುತ್ತಿದ್ದಾಳೆ. ಇದೆ, ಒಂದು ಕಿಲೋ ಚೀಸಿಗೆ ಏಳು. ಹಾಗಾಗಿ ಅದನ್ನು ಮಂಗಳವಾರ ತಿನ್ನು.