ರೆಪ್ಪೆ ಜೋತರೆ ಎದೆಯ ಸ್ಕ್ಯಾನ್ ಏಕೆ?

ಮಾನ್ಯ ಸಂಪಾದಕರೇ,

ಸಂಜೆಯಾಗುತ್ತಲೇ ರೆಪ್ಪೆ ಜೋತುಬೀಳುವುದು, ಒಂದು ಎರಡಾಗಿ ಕಾಣುವುದು, ಊಟದ ನಡುವೆ ದವಡೆ ಸೋಲುವುದು ಮಯಸ್ತೇನಿಯಾ ಗ್ರೇವಿಸ್, ಅಂದರೆ ನರದ ಸಂದೇಶ ಸರಿಯಾಗಿ ತಲುಪದೆ ಸ್ನಾಯುಗಳು ಬೇಗ ಸೋಲುವ ಕಾಯಿಲೆ ಇರಬಹುದು. ಕನ್ನಡಕ ಬದಲಿಸಿ ಕೂರಬಾರದು. ಈ ಕಾಯಿಲೆ ಪತ್ತೆಹಚ್ಚುವ ಅಸಿಟೈಲ್‌ಕೋಲಿನ್ ರಿಸೆಪ್ಟರ್ ಆಂಟಿಬಾಡಿ ರಕ್ತಪರೀಕ್ಷೆಯ ಜೊತೆ ಎದೆಯ ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಈ ಕಾಯಿಲೆಯವರಲ್ಲಿ ಶೇ 10–15 ಮಂದಿಗೆ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಗೆಡ್ಡೆ, ಅಂದರೆ ಥೈಮೋಮಾ ಇರುತ್ತದೆ. ಸಣ್ಣದಾದರೆ ಎಕ್ಸ್‌ರೇಯಲ್ಲಿ ಕಾಣದು.

ಗೆಡ್ಡೆ ಕಂಡೊಡನೆ ಸೂಜಿ ಚುಚ್ಚಿಸಿ ತುಣುಕು ತೆಗೆದು ಪರೀಕ್ಷಿಸುವ (ಬಯಾಪ್ಸಿ) ಆತುರ ಬೇಡ. ಗೆಡ್ಡೆ ತನ್ನ ಕವಚದೊಳಗೇ ಇದ್ದು, ಪೂರ್ತಿ ತೆಗೆಯುವಂತಿದ್ದರೆ ಬಯಾಪ್ಸಿ ಇಲ್ಲದೆ ನೇರ ಶಸ್ತ್ರಚಿಕಿತ್ಸೆಯೇ ವಾಡಿಕೆ. ಕವಚ ಒಡೆದರೆ ಕಣಗಳು ಪುಪ್ಪುಸದ ಪೊರೆಗೆ ಹರಡಬಹುದು. ಲಿಂಫೋಮಾ (ದುಗ್ಧರಸ ಕಣಗಳ ಕ್ಯಾನ್ಸರ್) ಶಂಕೆಯಿದ್ದರೆ, ಅಥವಾ ಗೆಡ್ಡೆ ದೊಡ್ಡ ರಕ್ತನಾಳಗಳಿಗೆ ಅಂಟಿದ್ದರೆ ಮಾತ್ರ ಬಯಾಪ್ಸಿ ಮೊದಲು. ಅಂಟಿದ್ದಾಗ ಸಾಮಾನ್ಯವಾಗಿ ಸಿಸ್‌ಪ್ಲಾಟಿನ್ ಇರುವ ಕೀಮೋ ಕೊಟ್ಟು ಕುಗ್ಗಿಸಿ, ಆಮೇಲೆ ತೆಗೆಯುತ್ತಾರೆ. ತೆಗೆದ ಅಂಚಿನಲ್ಲಿ ಗೆಡ್ಡೆಯ ಕಣಗಳು ಉಳಿದರೆ ರೇಡಿಯೇಷನ್.

ಥೈಮೋಮಾ ಇದ್ದು ರೆಪ್ಪೆ ಜೋಲದವರಿಗೂ ಶಸ್ತ್ರಚಿಕಿತ್ಸೆಗೆ ಮುನ್ನ ಆಂಟಿಬಾಡಿ ನೋಡಲೇಬೇಕು. ಪತ್ತೆಯಾಗದ ಮಯಸ್ತೇನಿಯಾ ಅರಿವಳಿಕೆಯ ಬಳಿಕ ಉಸಿರಾಟವನ್ನೇ ನಿಲ್ಲಿಸೀತು. ಮಯಸ್ತೇನಿಯಾ ರೋಗಿಗಳಿಗೆ ಸಿಪ್ರೊಫ್ಲಾಕ್ಸಾಸಿನ್, ಜೆಂಟಾಮೈಸಿನ್‌ನಂಥ ಆಂಟಿಬಯೋಟಿಕ್ ಔಷಧಗಳು ಅಪಾಯ. ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗುವವರಿಗೆ ಇದನ್ನು ಚೀಟಿಯಲ್ಲೇ ದೊಡ್ಡದಾಗಿ ಬರೆದುಕೊಡಬೇಕು. ಥೈಮೋಮಾ ಹತ್ತು ವರ್ಷದ ಮೇಲೂ ಮರುಕಳಿಸುವುದುಂಟು, ಹಾಗಾಗಿ ಸ್ಕ್ಯಾನ್ ಐದು ವರ್ಷಕ್ಕೇ ನಿಲ್ಲಿಸಬಾರದು.

– ವೈದ್ಯರ ಬಳಗ, ಮೈಸೂರು