ಅಂಟೆರೊ ಶಿಖರದ ಹರಳಿನ ಶೋ ಬಗ್ಗೆ, ಎಲ್ಲರೂ ಓದಿ

ಗೆಳೆಯರೇ, ಬೆಟ್ಟದಲ್ಲಿ ಹರಳು ಅಗೆಯುವವರ ಟಿವಿ ಶೋ 'ಪ್ರಾಸ್ಪೆಕ್ಟರ್ಸ್'ನ ತುಣುಕುಗಳು ಗುಂಪಿಗೆ ಬಂದಾಗಿನಿಂದ "ನಾವೂ ಹೋಗಿ ಅಗೆಯಬಹುದಾ?" ಅನ್ನೋ ಪ್ರಶ್ನೆ ಜಾಸ್ತಿಯಾಗಿದೆ. ಅದಕ್ಕೇ ಈ ಸೂಚನೆ.

ಈ ಶೋ 2013ರಲ್ಲಿ ಅಮೆರಿಕದ ದಿ ವೆದರ್ ಚಾನೆಲ್‌ನಲ್ಲಿ ಶುರುವಾಯಿತು. ಹವಾಮಾನದ ಚಾನೆಲ್‌ಗೂ ಹರಳಿಗೂ ಏನು ಸಂಬಂಧ ಅಂತ ನಗಬೇಡಿ. ಶೋನಲ್ಲಿ ಅವರು ಅಗೆಯುವ ಕೊಲೊರಾಡೊದ ಮೌಂಟ್ ಅಂಟೆರೊ 14,000 ಅಡಿಗೂ ಹೆಚ್ಚು ಎತ್ತರ. ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಸಿಡಿಲಿನ ಭಯ. ಉಳಿದ ಕಾಲ ಹಿಮ. ಅಗೆಯಲು ಸಿಗುವುದು ಕೆಲವೇ ತಿಂಗಳು.

ಅಲ್ಲಿ ಹುಡುಕುವುದು ಮುಖ್ಯವಾಗಿ ಅಕ್ವಾಮರೀನ್. ಬೆರಿಲ್ ಖನಿಜದಲ್ಲಿ ಚೂರು ಕಬ್ಬಿಣ ಸೇರಿದರೆ ಬರುವ ತಿಳಿನೀಲಿ ಹರಳು. ಬಂಡೆಯೊಳಗಿನ ಪೊಳ್ಳುಗಳಲ್ಲಿ ಬೆಳೆದಿರುತ್ತದೆ. ಕೈಗೆ ಸಿಕ್ಕಾಗ ಕೆಸರು ಮೆತ್ತಿದ ಕಡ್ಡಿಯಂತೆ ಕಾಣುತ್ತದೆ, ಅಷ್ಟೇ. ತೊಳೆದರೆ ಆರು ಮುಖ, ಒಳಗೆ ನೀಲಿ. ಟಿವಿಗೆ ಬೇಕಾದದ್ದು ಆ ಒಂದು ಗಳಿಗೆ. ದಿನವಿಡೀ ಕಲ್ಲು ಎತ್ತಿ ಖಾಲಿ ಕೈಯಲ್ಲಿ ಇಳಿಯುವುದನ್ನು ಯಾರು ನೋಡ್ತಾರೆ, ಅಲ್ವಾ?

ಇನ್ನು ಬೆಲೆ. ಇಂಥ ಶೋಗಳಲ್ಲಿ ಹೇಳುವುದು ಬರೀ ಅಂದಾಜು, ಮಾರಾಟವಾದ ದುಡ್ಡಲ್ಲ. ಒಳಗೆ ಬಿರುಕಿದ್ದರೆ ಬೆಲೆ ಇಳಿಯುತ್ತದೆ. ಕತ್ತರಿಸಿ ಹೊಳಪು ಕೊಡುವಾಗ ತೂಕವೂ ಸಾಕಷ್ಟು ಹೋಗುತ್ತದೆ. ಆದ್ದರಿಂದ ಆ ಅಂಕಿಗಳ ಸ್ಕ್ರೀನ್‌ಶಾಟ್ ಹಾಕಿ "ನನ್ನ ಕಲ್ಲಿಗೆ ಎಷ್ಟು?" ಅಂತ ಕೇಳಬೇಡಿ.

ಅಗೆಯುವ ಆಸೆ ಇರುವವರಿಗೆ: ಅಂಟೆರೊ ಮೇಲೆ ಬೇರೆಯವರ ಗಣಿ ಹಕ್ಕಿನ ಜಾಗಗಳು ಬಹಳ ಇವೆ. ಹಕ್ಕುದಾರರ ಒಪ್ಪಿಗೆ ಇಲ್ಲದೆ ಅಲ್ಲಿಂದ ಹರಳು ತೆಗೆಯುವುದು ಕಳ್ಳತನ. ಯಾರದೋ ಗಣಿ ಜಾಗದ ಲೊಕೇಶನ್ ಇಲ್ಲಿ ಹಾಕಿದರೆ ಅಡ್ಮಿನ್ ಅಳಿಸುತ್ತಾರೆ. ಶೋ ಬಗ್ಗೆ ಹರಟೆ ಮಾತ್ರ ಆರಾಮಾಗಿ ನಡೆಯಲಿ.